ಹಸುಗೂಸಿನ ನಂಜು ಮತ್ತು ಲೇಶಮಾತ್ರದ ಖನಿಜಗಳು

ಮನುಷ್ಯನ ಆಯುಷ್ಯದಲ್ಲಿ ಅತ್ಯಂತ ಅಪಾಯದ ಕಾಲ ಯಾವದೆಂದು ಕೇಳಿದರೆ ಹೆಚ್ಚಿನವರು ಮುಪ್ಪೆಂದು ಹೇಳುವರು. ಆದರೆ ಹುಟ್ಟಿದ ಮೊದಲಿನ ಇಪ್ಪತ್ತೆಂಟು ದಿವಸಗಳೂ ಅದಕ್ಕೆ ಕಡಿಮೆಯಾದವುಗಳಲ್ಲ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಕರ್ನಾಟಕದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ ಸುಮಾರು 25 ಕೂಸುಗಳು ಒಂದು ವರ್ಷ ತುಂಬುವದರೊಳಗೆ ತೀರಿಕೊಳ್ಳುತ್ತಿದ್ದವು. ಅವುಗಳಲ್ಲಿ ಸುಮಾರು 16 ಕೂಸುಗಳು ಮೊದಲನೆಯ ತಿಂಗಳನ್ನೇ ದಾಟುತ್ತಿರಲಿಲ್ಲ. ದಿನ ತುಂಬದೆ ಹುಟ್ಟುವದು, ಹುಟ್ಟುವಾಗ ಉಸಿರು ಕಟ್ಟುವದು, ರಕ್ತಕ್ಕೆ ನಂಜೇರುವದು, ಇವೇ ಆ ಸಾವುಗಳ ಮುಖ್ಯ ಕಾರಣಗಳು. ಮೊದಲಿನ ಎರಡರಲ್ಲಿ ಮನೆಯವರ ಕೈಯಲ್ಲಿರುವದು ಅಲ್ಪ. ಮೂರನೆಯದರಲ್ಲಿ ಮಾತ್ರ ತಾಯಿ, ಅಜ್ಜಿ, ಅತ್ತೆಯರ ಕೈಯಲ್ಲಿ ಬಹಳವಿದೆ. ಆದುದರಿಂದ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಓದುವ ಈ ಸಂಚಿಕೆಯಲ್ಲಿ ಆ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯಲು ಯತ್ನಿಸಿದೆ.

ಈಗ ಔಷಧದಂಗಡಿಗಳಲ್ಲಿ ಕೂಸುಗಳಿಗಾಗಿ ಜಿಂಕ್ ಹನಿಗಳೂ ಕಬ್ಬಿಣದ ಹನಿಗಳೂ ಸಿಗುತ್ತವೆ. ಅವನ್ನು ಕೊಟ್ಟರೆ ಕೂಸಿಗೆ ಶಕ್ತಿ ಬರುವದು, ನಂಜು ತಗಲದು ಎಂಬ ಮಾತು ಮನೆಯಿಂದ ಮನೆಗೆ ಹಬ್ಬುತ್ತದೆ. ಈ ಮಾತಿನಲ್ಲಿ ಸತ್ಯವೂ ಇದೆ, ಅಪಾಯವೂ ಇದೆ. ಎರಡನ್ನೂ ಬೇರ್ಪಡಿಸಿ ನೋಡುವದು ಅವಶ್ಯ.

ಮೊದಲು ಲೇಶಮಾತ್ರದ ಖನಿಜಗಳೆಂದರೇನೆಂದು ತಿಳಿದುಕೊಳ್ಳೋಣ. ಸುಣ್ಣದ ಸತ್ವ, ರಂಜಕ, ಉಪ್ಪು ಮುಂತಾದವು ನಮ್ಮ ದೇಹಕ್ಕೆ ಹೇರಳವಾಗಿ ಬೇಕು. ಇನ್ನು ಕೆಲವು ಲೋಹಗಳು ಮತ್ತು ಖನಿಜಗಳು ಸಾಸಿವೆಯಷ್ಟೂ ಬೇಕಿಲ್ಲ. ಆದರೆ ಅಷ್ಟಾದರೂ ಇಲ್ಲದಿದ್ದರೆ ದೇಹದ ಯಂತ್ರ ನಡೆಯದು. ಕಬ್ಬಿಣ, ಸತು, ತಾಮ್ರ, ಸೆಲೆನಿಯಮ್, ಅಯೋಡಿನ್ ಇವು ಈ ಜಾತಿಯವು. ಸತು ಎಂಬದು ನಮಗೆ ಅಪರಿಚಿತವಾದ ವಸ್ತುವಲ್ಲ. ತಾಮ್ರದೊಡನೆ ಅದನ್ನು ಕೂಡಿಸಿದರೆ ಹಿತ್ತಾಳೆಯಾಗುವದು. ಮನೆಯ ಮೇಲಿನ ತಗಡಿಗೆ ತುಕ್ಕು ಹಿಡಿಯದಂತೆ ಬಳಿದಿರುವ ಲೇಪವೂ ಅದೇ. ಔಷಧದ ಚೀಟಿಯಲ್ಲಿ ಅದಕ್ಕೆ ಜಿಂಕ್ ಎಂಬ ಹೆಸರು. ಪೂರ್ಣ ಬೆಳೆದ ಮನುಷ್ಯನ ಶರೀರದಲ್ಲಿ ಅದು ಎಲ್ಲ ಸೇರಿ ಎರಡು ಗ್ರಾಮಿನಷ್ಟು ಮಾತ್ರ ಇರುತ್ತದೆ. ಆದರೂ ಹೊಸ ಜೀವಕೋಶಗಳು ಹುಟ್ಟುವದಕ್ಕೂ, ಚರ್ಮ ಮತ್ತು ಕರುಳಿನ ಒಳಪದರುಗಳು ಗಟ್ಟಿಯಾಗಿರುವದಕ್ಕೂ, ರೋಗಾಣುಗಳನ್ನು ನುಂಗುವ ಬಿಳಿಯ ರಕ್ತಕಣಗಳು ಕೆಲಸ ಮಾಡುವದಕ್ಕೂ ಅದು ಬೇಕೇ ಬೇಕು.

ಇಂಥ ಮಹತ್ವದ ವಸ್ತು ಮನುಷ್ಯನಿಗೆ ಕಡಿಮೆ ಬೀಳಬಹುದೆಂಬದು 1960ರ ಹಿಂದೆ ಯಾರಿಗೂ ತೋಚಿರಲಿಲ್ಲ. ಅದನ್ನು ತೋರಿಸಿಕೊಟ್ಟವರು ನಮ್ಮ ದೇಶದವರೇ. ಬಿಹಾರದ ಬಕ್ಸರಿನಲ್ಲಿ 1928ರಲ್ಲಿ ಹುಟ್ಟಿದ ಡಾಕ್ಟರ್ ಆನಂದ ಪ್ರಸಾದರು. ಅವರು 1958ರಲ್ಲಿ ಇರಾಣದ ಶಿರಾಜ್ ಪಟ್ಟಣದಲ್ಲಿದ್ದಾಗ ಒಬ್ಬ ರೋಗಿಯನ್ನು ಕಂಡರು. ಅವನ ವಯಸ್ಸು 21. ನೋಡಲಿಕ್ಕೆ ಹತ್ತು ವರ್ಷದ ಹುಡುಗ. ರಕ್ತವಿಲ್ಲದೆ ಬಿಳಿಚಿದ್ದನು, ಯೌವನದ ಯಾವ ಲಕ್ಷಣವೂ ಅವನಲ್ಲಿರಲಿಲ್ಲ, ಮತ್ತು ಅವನಿಗೆ ಮಣ್ಣು ತಿನ್ನುವ ಚಟವಿತ್ತು. ಅವನ ಊಟವೆಂದರೆ ಹುದುಗು ಬರಿಸದ ಗೋಧಿಯ ರೊಟ್ಟಿಯೇ. ಮಾಂಸ ಮೊಟ್ಟೆಗಳು ಇಲ್ಲವೆನ್ನುವಷ್ಟು ಕಡಿಮೆ. ಆ ಸೀಮೆಯ ಹಳ್ಳಿಗಳಲ್ಲಿ ಇಂಥವರು ಇನ್ನೂ ಅನೇಕರಿದ್ದರು. ಬರಿಯ ಕಬ್ಬಿಣದ ಕೊರತೆಯಿಂದ ಇಷ್ಟೆಲ್ಲ ಆಗಲಾರದೆಂದು ಪ್ರಸಾದರು ತರ್ಕಿಸಿ, ಮುಂದೆ ಈಜಿಪ್ತ ದೇಶದಲ್ಲಿ ಇಂಥ ರೋಗಿಗಳನ್ನು ಪರೀಕ್ಷಿಸಿ, ಇದು ಸತುವಿನ ಕೊರತೆಯೆಂದು ಸ್ಥಾಪಿಸಿದರು. ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿ ಬೇರೆಯೇ ಇದೆ: ಈ ಕುಳ್ಳರು ಇಪ್ಪತ್ತೈದು ವರ್ಷಗಳ ಆಚೆ ಬದುಕುವದು ಅಪರೂಪ, ಅವರು ಸಾಯುವದು ಸೋಂಕುರೋಗಗಳಿಂದಲೇ ಎಂದು ಅವರಿಗೆ ಆಗಲೇ ಕಂಡುಬಂದಿತ್ತು. ಪ್ರಸಾದರು 2022ರಲ್ಲಿ ತೀರಿಕೊಂಡರು.

ಕೂಸುಗಳಲ್ಲಿ ಇದಕ್ಕಿಂತಲೂ ಸ್ಪಷ್ಟವಾದ ಸಾಕ್ಷಿ ದೊರೆಯಿತು. 1942ರಲ್ಲಿ ನಾರ್ವೆ ದೇಶದ ಡಾನ್ಬೋಲ್ಟ್ ಮತ್ತು ಕ್ಲೋಸ್ ಎಂಬ ವೈದ್ಯರು ಒಂದು ವಿಚಿತ್ರ ರೋಗಕ್ಕೆ ಹೆಸರಿಟ್ಟು ವರ್ಣಿಸಿದರು. ಅದು ಹುಟ್ಟಿನಿಂದ ಬರುವ ರೋಗ. ಕೂಸು ತಾಯಿಯ ಹಾಲು ಕುಡಿಯುತ್ತಿರುವ ತನಕ ಸಾಮಾನ್ಯವಾಗಿ ನೆಟ್ಟಗಿರುತ್ತದೆ. ಮೊಲೆ ಬಿಡಿಸಿ ಬೇರೆ ಹಾಲಿಗೆ ಹಚ್ಚಿದ ಕೆಲವು ವಾರಗಳಲ್ಲಿಯೇ ಬಾಯಿಯ ಸುತ್ತಲೂ ಗುದದ ಸುತ್ತಲೂ ಹುಣ್ಣೇಳುತ್ತವೆ, ಕೂದಲುದುರುತ್ತವೆ, ಭೇದಿ ನಿಲ್ಲುವದಿಲ್ಲ. ಕೊನೆಗೆ ಒಂದಿಲ್ಲೊಂದು ಸೋಂಕು ಅದನ್ನು ಕೊಂಡೊಯ್ಯುತ್ತಿತ್ತು. ಬಹುಕಾಲ ಇದರ ಗುಟ್ಟು ಒಡೆಯಲಿಲ್ಲ. ಲಂಡನ್ನಿನ ಮೊಯ್ನಹನ್ ಎಂಬ ವೈದ್ಯರು 1973-74ರ ಸುಮಾರಿಗೆ ಇಂಥ ಮಕ್ಕಳಿಗೆ ಸತುವನ್ನು ಕೊಟ್ಟು ನೋಡಲು, ಹುಣ್ಣುಗಳು ಮಾಯ್ದು ಮಕ್ಕಳು ಬದುಕಿದರು. ಈ ಮಕ್ಕಳ ಕರುಳು ಸತುವನ್ನು ಹೀರಿಕೊಳ್ಳಲಾರದು. ತಾಯಿಯ ಹಾಲಿನೊಳಗಿನ ಸತು ಮಾತ್ರ ಸುಲಭವಾಗಿ ಒಳಗೆ ಹೋಗುವ ರೂಪದಲ್ಲಿರುವದರಿಂದ ಅಲ್ಲಿಯ ವರೆಗೆ ಅವು ಬದುಕಿರುತ್ತಿದ್ದವು. ಲಕ್ಷಗಳಲ್ಲಿ ಒಬ್ಬರಿಗೆ ಬರುವ ಈ ರೋಗವು ನಮಗೆಲ್ಲರಿಗೂ ಎರಡು ಪಾಠಗಳನ್ನು ಕಲಿಸುತ್ತದೆ. ಸತುವಿಲ್ಲದ ಕೂಸು ರೋಗಾಣುವನ್ನು ಎದುರಿಸಲಾರದು ಎಂಬದು ಒಂದು. ಎದೆಹಾಲಿನೊಳಗಿನ ಸತುವಿಗೆ ಸಮನಾದದ್ದು ಬೇರೊಂದಿಲ್ಲ ಎಂಬದು ಇನ್ನೊಂದು.

ಹಾಗಾದರೆ ಹಸುಗೂಸಿಗೆ ಸತು ಬರುವದೆಲ್ಲಿಂದ? ಅದರ ಹೆಚ್ಚಿನ ಭಾಗವನ್ನು ಕೂಸು ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ತೆಗೆದುಕೊಂಡು ತನ್ನ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಕೂಡಿಸಿಟ್ಟುಕೊಳ್ಳುತ್ತದೆ. ಕಬ್ಬಿಣವನ್ನೂ ತಾಮ್ರವನ್ನೂ ಹಾಗೆಯೇ. ಬಸುರಿಯ ಕೊನೆಯ ತಿಂಗಳುಗಳು ಕೂಸಿಗೆ ಸುಗ್ಗಿಯ ಕಾಲವಿದ್ದಂತೆ. ಆಗ ಹಗೇವು ತುಂಬಿದರೆ ಮುಂದೆ ಆರು ತಿಂಗಳು ಸಾಗುವದು. ದಿನ ತುಂಬದೆ ಏಳು ಎಂಟು ತಿಂಗಳಿಗೆ ಹುಟ್ಟಿದ ಕೂಸಿನ ಹಗೇವು ಅರ್ಧಮರ್ಧವಾಗಿ ಉಳಿಯುವದು. ಅಂಥ ಕೂಸುಗಳಿಗೇ ನಂಜು ಹೆಚ್ಚು ತಗಲುವದು; ಚರ್ಮ ತೆಳುವಾಗಿರುವದು, ತಾಯಿಯಿಂದ ಬರಬೇಕಾದ ರೋಗನಿರೋಧಕ ಸತ್ವಗಳು ಪೂರಾ ಬಂದಿರದಿರುವದು ಮುಂತಾದ ಕಾರಣಗಳೊಂದಿಗೆ ಇದೂ ಒಂದು ಕಾರಣ. ಹುಟ್ಟಿದ ಮೇಲೆ ಎರಡನೆಯ ಪಾಲು ಬರುವದು ಎದೆಹಾಲಿನಿಂದ. ಹಡೆದ ಮೊದಲಿನ ಎರಡು ಮೂರು ದಿವಸ ಬರುವ ಹಳದಿಯ ಮಂದ ಹಾಲಿನಲ್ಲಿ ಸತು ಅತ್ಯಧಿಕವಾಗಿರುತ್ತದೆ. ತಿಂಗಳು ಕಳೆದಂತೆ ಇಳಿಯುತ್ತ ಹೋಗುತ್ತದೆ. ಹಾಗಿದ್ದೂ ನಮ್ಮಲ್ಲಿ ಇನ್ನೂ ಕೆಲವು ಮನೆಗಳಲ್ಲಿ ಆ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿಗೆ ಜೇನು, ಸಕ್ಕರೆಯ ನೀರು, ಆಕಳ ಹಾಲು ನೆಕ್ಕಿಸುವ ರೂಢಿ ಇದೆ. ಮನೆಯ ಆಕಳು ಈದರೆ ಅದರ ಗಿಣ್ಣದ ಹಾಲನ್ನು ಬೆಲ್ಲ ಏಲಕ್ಕಿ ಹಾಕಿ ಕಾಸಿ ನೆರೆಹೊರೆಗೂ ಹಂಚಿ ತಿನ್ನುವ ನಾವು, ಮನೆಯ ಮಗಳು ಹಡೆದಾಗ ಆಕೆಯ ಗಿಣ್ಣದ ಹಾಲನ್ನು ಆಕೆಯ ಕೂಸಿಗೇ ಕೊಡಲು ಹಿಂಜರಿಯುವದು ಸೋಜಿಗವಲ್ಲವೆ? ಮೇಲೆ ಹೇಳಿದ ಸಮೀಕ್ಷೆಯಲ್ಲಿ, ಕರ್ನಾಟಕದ ಹೆರಿಗೆಗಳೆಲ್ಲ ಬಹುತೇಕ ಆಸ್ಪತ್ರೆಯಲ್ಲಿಯೇ ಆಗುತ್ತಿದ್ದರೂ, ಹುಟ್ಟಿದ ಒಂದು ತಾಸಿನೊಳಗೆ ಎದೆಗೆ ಹಚ್ಚಿದ ಕೂಸುಗಳು ಸುಮಾರು ಅರ್ಧದಷ್ಟೇ ಇದ್ದವು.

ತಾಯಿಯಲ್ಲಿ ಇದ್ದರಲ್ಲವೆ ಕೂಸಿಗೆ ಕೊಡುವದು? ಇಲ್ಲಿ ನಮ್ಮ ಧಾರವಾಡ ಸೀಮೆಯ ಮಣ್ಣಿನ ಮಾತು ಬರುತ್ತದೆ. ನಮ್ಮ ಎರೆಭೂಮಿ ಜೋಳಕ್ಕೂ ಹತ್ತಿಗೂ ಹೆಸರಾದುದು. ಆದರೆ ಸುಣ್ಣದ ಅಂಶವೂ ಕ್ಷಾರವೂ ಉಳ್ಳ ಇಂಥ ಮಣ್ಣು ತನ್ನಲ್ಲಿಯ ಸತುವನ್ನು ಬಿಗಿಹಿಡಿದುಕೊಂಡು ಬೆಳೆಯ ಬೇರಿಗೆ ಸುಲಭವಾಗಿ ಬಿಟ್ಟುಕೊಡದು. 2009ರಲ್ಲಿ ಕರ್ನಾಟಕ ಸರಕಾರವು ಹೈದರಾಬಾದದ ಹತ್ತಿರ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ಭೂಚೇತನ ಎಂಬ ಯೋಜನೆಯನ್ನು ಆರಂಭಿಸಿತು. ಮೊದಲನೆಯ ವರ್ಷ ಅದನ್ನು ಕೈಕೊಂಡ ಆರು ಜಿಲ್ಲೆಗಳಲ್ಲಿ ಧಾರವಾಡವೂ ಹಾವೇರಿಯೂ ಇದ್ದವು. ಹೊಲಗಳ ಮಣ್ಣನ್ನು ಪರೀಕ್ಷಿಸಿ ನೋಡಲಾಗಿ ಅನೇಕ ಹೊಲಗಳಲ್ಲಿ ಸತು, ಬೋರಾನ್, ಗಂಧಕ ಈ ಮೂರೂ ಕಡಿಮೆ ಎಂದು ಕಂಡುಬಂದಿತು. ರೈತರು ಅವುಗಳನ್ನು ಹಾಕಿದಲ್ಲಿ ಬೆಳೆ ಹೆಚ್ಚಿತು. ಆ ದಿನಗಳಿಂದ ಜಿಂಕ್ ಸಲ್ಫೇಟಿನ ಚೀಲವು ನಮ್ಮ ಒಕ್ಕಲಿಗರಿಗೆ ಚೆನ್ನಾಗಿ ಪರಿಚಿತವಾಗಿದೆ. ಹೊಲಕ್ಕೆ ಬೇಕೆಂದು ಅರಿತ ವಸ್ತುವು ಹೊಲದವಳಿಗೂ ಬೇಕೆಂಬದನ್ನು ಮಾತ್ರ ನಾವು ಅಷ್ಟಾಗಿ ಅರಿತಿಲ್ಲ.

ಮಣ್ಣಿನಿಂದ ಕಾಳಿಗೆ ಬಂದ ಸತುವೆಲ್ಲವೂ ದೇಹಕ್ಕೆ ದಕ್ಕುತ್ತದೆಂದೂ ಹೇಳುವಂತಿಲ್ಲ. ಜೋಳ, ಗೋಧಿ, ಬೇಳೆಕಾಳುಗಳ ಸಿಪ್ಪೆಯಲ್ಲಿಯೂ ಮೊಳಕೆಯ ಭಾಗದಲ್ಲಿಯೂ ಫೈಟೇಟ್ ಎಂಬ ಒಂದು ರಂಜಕದ ಸಂಯುಕ್ತವಿರುತ್ತದೆ. ಬೀಜವು ಮೊಳೆಯುವಾಗ ಬೇಕಾಗುವ ಬುತ್ತಿ ಅದು. ಆದರೆ ನಮ್ಮ ಕರುಳಿನಲ್ಲಿ ಅದು ಸತುವನ್ನೂ ಕಬ್ಬಿಣವನ್ನೂ ಹಿಡಿದುಕೊಂಡು ಹೊರಗೆ ಹೊರಟುಹೋಗುತ್ತದೆ. ಶಿರಾಜದ ರೊಟ್ಟಿಯಲ್ಲಿ ಆದುದು ಇದೇ. ನಮ್ಮ ಜೋಳದ ರೊಟ್ಟಿಯನ್ನು ದೂಷಿಸುವದು ನನ್ನ ಉದ್ದೇಶವಲ್ಲ. ರೊಟ್ಟಿಯ ಜೊತೆಗೆ ನಮ್ಮ ಹಿರಿಯರು ಇಟ್ಟದ್ದನ್ನು ಬಿಟ್ಟು ಬರಿಯ ರೊಟ್ಟಿಯನ್ನು ತಿಂದರೆ ಮಾತ್ರ ಅದು ದೋಷ. ಕಾಳನ್ನು ನೆನೆಯಿಟ್ಟು ಅರಿವೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಫೈಟೇಟ್ ಒಡೆದುಹೋಗುತ್ತದೆ. ಆದುದರಿಂದ ಮಡಿಕೆ, ಹೆಸರು ಕಾಳಿನ ಮೊಳಕೆಯ ಪಲ್ಯ ರೊಟ್ಟಿಗೆ ಸರಿಯಾದ ಜೊತೆ. ರಾತ್ರಿ ಹುಳಿಯಿಟ್ಟ ಅಂಬಲಿಯೂ ಹಾಗೆಯೇ. ಗುರೆಳ್ಳು, ಎಳ್ಳು, ಶೇಂಗಾ ಇವುಗಳ ಚಟ್ನಿಯಲ್ಲಿ ಸತುವಿದೆ. ಹಾಲು, ಮೊಸರು, ಮೊಟ್ಟೆಗಳಲ್ಲಿಯೂ ಇದೆ. ಮಾಂಸ ತಿನ್ನುವವರಿಗೆ ಅದರಿಂದ ದೊರೆಯುವದು ಎಲ್ಲಕ್ಕೂ ಸುಲಭವಾಗಿ ದಕ್ಕುತ್ತದೆ. ಬಸುರಿಗೆ ದಿವಸಕ್ಕೆ ಸುಮಾರು 14.5 ಮಿಲಿಗ್ರಾಮು ಸತು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಗೊತ್ತುಮಾಡಿದೆ. ಊಟದ ಬೆನ್ನಿಗೇ ಚಹಾ ಕುಡಿಯುವ ನಮ್ಮ ಚಟವು ಕಬ್ಬಿಣವನ್ನು ಕೆಡಿಸುವದೆಂಬದನ್ನೂ ಇಲ್ಲಿಯೇ ಹೇಳಿಬಿಡುವೆನು. ನಡುವೆ ಒಂದೆರಡು ತಾಸು ಬಿಟ್ಟರೆ ಬಾಧಕವಿಲ್ಲ. ಮಣ್ಣು, ಬೂದಿ, ಬಳಪ ತಿನ್ನುವ ಬಯಕೆ ಬಸುರಿಯಲ್ಲಿ ಕಂಡರೆ ಅದನ್ನು ನಕ್ಕು ಬಿಡದೆ ಆಕೆಯ ರಕ್ತವನ್ನು ಪರೀಕ್ಷಿಸಬೇಕು. ಖನಿಜಗಳ ಕೊರತೆಯೊಂದಿಗೆ ಈ ಚಟ ಕೂಡಿಬರುವದನ್ನು ವೈದ್ಯರು ಅನೇಕ ಸಲ ಕಂಡಿದ್ದಾರೆ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ನಂಜೇರಿದ ಕೂಸಿಗೆ ಸತು ಕೊಟ್ಟರೆ ಗುಣವಾಗುವದೆ? ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ಅಲ್ಲಿಯ ಮೂರು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಗಂಭೀರ ಸೋಂಕೆಂದು ಸಂಶಯವುಳ್ಳ, 7ರಿಂದ 120 ದಿವಸದೊಳಗಿನ 700 ಕೂಸುಗಳಿಗೆ ಸೂಜಿಯಿಂದ ಪ್ರತಿಜೈವಿಕ ಔಷಧಗಳನ್ನು ಕೊಡುತ್ತ, ಅರ್ಧ ಕೂಸುಗಳಿಗೆ ದಿನಕ್ಕೆ 10 ಮಿಲಿಗ್ರಾಮು ಸತುವನ್ನೂ, ಉಳಿದವುಗಳಿಗೆ ಸತುವಿಲ್ಲದ ಅದೇ ರೂಪದ ಪುಡಿಯನ್ನೂ ಕೊಟ್ಟರು. ಯಾವ ಕೂಸಿಗೆ ಯಾವುದೆಂದು ಕೊಡುವವರಿಗೂ ತಿಳಿದಿರಲಿಲ್ಲ. ಸತು ಕೊಟ್ಟವುಗಳಲ್ಲಿ ನೂರಕ್ಕೆ 10 ಕೂಸುಗಳಿಗೆ ಮೊದಲಿನ ಔಷಧ ಸಾಲದೆ ಬಂದಿತು. ಕೊಡದವುಗಳಲ್ಲಿ ನೂರಕ್ಕೆ 17. ಈ ಅಂತರವು ಸಣ್ಣದಲ್ಲ. ಸತ್ತ ಕೂಸುಗಳ ಸಂಖ್ಯೆಯೂ ಸತು ಕೊಟ್ಟ ಗುಂಪಿನಲ್ಲಿ ಕಡಿಮೆ ಇದ್ದಿತು, ಆದರೆ ಅದು ಆಕಸ್ಮಿಕವಾಗಿರಲಾರದೆಂದು ಗಟ್ಟಿಯಾಗಿ ಹೇಳುವಷ್ಟು ಅಂತರ ಅಲ್ಲಿ ಕಂಡುಬರಲಿಲ್ಲ.

ಈ ಫಲವನ್ನು ಓದುವಾಗ ಎರಡು ಸಂಗತಿಗಳನ್ನು ಮರೆಯಬಾರದು. ಸತು ಕೊಟ್ಟ ಕೂಸುಗಳೆಲ್ಲ ಆಸ್ಪತ್ರೆಯಲ್ಲಿದ್ದು ಸೂಜಿಮದ್ದು ತೆಗೆದುಕೊಳ್ಳುತ್ತಿದ್ದವು. ಸತು ಅದಕ್ಕೆ ಊರುಗೋಲಾಗಿತ್ತೇ ಹೊರತು ಅದರ ಬದಲಿಯಾಗಿರಲಿಲ್ಲ. ಇದಲ್ಲದೆ ಮೊದಲನೆಯ ವಾರದ ಕೂಸುಗಳು ಆ ಪ್ರಯೋಗದಲ್ಲಿ ಇರಲೇ ಇಲ್ಲ. ನಂಜಿನ ಭಯವೋ ಆ ವಾರದಲ್ಲಿಯೇ ಅತಿಶಯ. ಒಂದು ಪ್ರಯೋಗದಿಂದ ಇಂಥ ದೊಡ್ಡ ಮಾತು ತೀರ್ಮಾನವಾಗದು. ರೋಗದ ಕೂಸಿನ ರಕ್ತದಲ್ಲಿ ಸತು ಕಡಿಮೆ ಇದ್ದಿತೆಂದ ಮಾತ್ರಕ್ಕೆ ಕೊರತೆಯಿಂದಲೇ ರೋಗ ಬಂತೆಂದು ಹೇಳಲಿಕ್ಕೂ ಬರುವದಿಲ್ಲ. ಏಕೆಂದರೆ ನಂಜು ತಗಲಿದೊಡನೆ ದೇಹವು ತಾನಾಗಿಯೇ ರಕ್ತದೊಳಗಿನ ಸತುವನ್ನು ಎಳೆದು ಯಕೃತ್ತಿಗೆ ಸಾಗಿಸುತ್ತದೆ. ಬಸುರಿಗೆ ಸತುವಿನ ಗುಳಿಗೆ ಕೊಡುವ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಢಾಕಾ ಪಟ್ಟಣದ ಬಡವರ ಕೇರಿಗಳಲ್ಲಿ ಬಸುರಿಯರಿಗೆ ದಿನಕ್ಕೆ 30 ಮಿಲಿಗ್ರಾಮು ಕೊಡಲು, ಅವರಿಗೆ ಹುಟ್ಟಿದ ಕಡಿಮೆ ತೂಕದ ಕೂಸುಗಳಲ್ಲಿ ಭೇದಿಯೂ ಚರ್ಮದ ಹುಣ್ಣೂ ಕಡಿಮೆಯಾದವೆಂದು 2001ರಲ್ಲಿ ಪ್ರಕಟವಾಯಿತು. ಅನೇಕ ಪ್ರಯೋಗಗಳನ್ನು ಕೂಡಿಸಿ ತೂಗಿದ ಪಂಡಿತರು 2015ರಲ್ಲಿ, ಸತುವಿನಿಂದ ದಿನ ತುಂಬದ ಹೆರಿಗೆ ಸ್ವಲ್ಪ ತಗ್ಗುವದೆಂದರು. 2021ರಲ್ಲಿ ಇನ್ನಷ್ಟು ಪ್ರಯೋಗಗಳನ್ನು ಸೇರಿಸಿ ನೋಡಿದಾಗ ಅಂತರವೇನೂ ಇಲ್ಲವೆನ್ನುವಷ್ಟಾಯಿತು. ವಿಜ್ಞಾನದ ದಾರಿಯೇ ಹೀಗೆ; ಅದರಲ್ಲಿ ಬೇಸರಪಡತಕ್ಕದ್ದೇನೂ ಇಲ್ಲ. ಎರಡು ತಿಂಗಳು ಮೀರಿದ ಕೂಸಿಗೆ ಭೇದಿಯಾದಾಗ ಉಪ್ಪುಸಕ್ಕರೆಯ ದ್ರಾವಣದೊಂದಿಗೆ 14 ದಿವಸ ಜಿಂಕ್ ಕೊಡುವದು ಮಾತ್ರ ಚೆನ್ನಾಗಿ ಸಿದ್ಧವಾದ ಉಪಚಾರ. ಅದನ್ನು ಸರಕಾರಿ ದವಾಖಾನೆಗಳಲ್ಲಿ ಪುಕ್ಕಟೆ ಕೊಡುತ್ತಾರೆ.

ಸತುವಿನ ಕಥೆ ಹೀಗಾದರೆ ಕಬ್ಬಿಣದ್ದು ಬೇರೆಯೇ ಸ್ವಭಾವ. ಕಬ್ಬಿಣ ನಮಗೆ ಬೇಕು. ಅದರಂತೆ ರೋಗಾಣುಗಳಿಗೂ ಬೇಕು. ರಕ್ತದಲ್ಲಿ ಬಿಡಿಯಾದ ಕಬ್ಬಿಣವಿದ್ದರೆ ಅವು ಹುಲುಸಾಗಿ ಬೆಳೆಯುತ್ತವೆ. ಆದುದರಿಂದಲೇ ನಮ್ಮ ದೇಹವು ಕಬ್ಬಿಣವನ್ನು ಯಾವಾಗಲೂ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟಂತೆ ಇಡುತ್ತದೆ, ಜ್ವರ ಬಂದಾಗ ಇನ್ನಷ್ಟು ಬಚ್ಚಿಡುತ್ತದೆ. ಇದನ್ನು ಅರಿಯದೆ ಮಾಡಿದ ಉಪಕಾರವು ಹೇಗೆ ಅಪಕಾರವಾಯಿತೆಂಬದಕ್ಕೆ ನ್ಯೂಝೀಲಂಡಿನ ಉದಾಹರಣೆ ಪ್ರಸಿದ್ಧವಾಗಿದೆ. ಅಲ್ಲಿ 1970ರ ಸುಮಾರಿಗೆ ಮೂಲನಿವಾಸಿಗಳ ಹಾಗೂ ಸುತ್ತಲಿನ ದ್ವೀಪದವರ ಮಕ್ಕಳಲ್ಲಿ ರಕ್ತಹೀನತೆ ಹೆಚ್ಚೆಂದು, ಹುಟ್ಟಿದ ಮೊದಲನೆಯ ವಾರದಲ್ಲಿಯೇ ಕೂಸುಗಳ ತೊಡೆಗೆ ಕಬ್ಬಿಣದ ಸೂಜಿ ಹಾಕುತ್ತಿದ್ದರು. ಕೆಲವು ದಿವಸಗಳಲ್ಲಿ ಅವುಗಳಿಗೆ ಕರುಳಿನ ರೋಗಾಣುಗಳಿಂದ ನಂಜು ಏರತೊಡಗಿತು. ಬ್ಯಾರಿ ಮತ್ತು ರೀವ್ ಎಂಬ ವೈದ್ಯರು 1977ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು: ಸೂಜಿ ಹಾಕುತ್ತಿದ್ದಾಗ ಇಂಥ ನಂಜು ಸಾವಿರಕ್ಕೆ 17ರಂತೆ ಇದ್ದಿತು, ಸೂಜಿ ನಿಲ್ಲಿಸಿದ ಮೇಲೆ ಸಾವಿರಕ್ಕೆ 3ಕ್ಕಿಂತಲೂ ಕೆಳಗಿಳಿಯಿತು. ಆ ಕೂಸುಗಳಿಗೆ ಕೊಟ್ಟ ವಸ್ತು ವಿಷವಲ್ಲ. ಕೊಟ್ಟ ಕಾಲವೂ ಕೊಟ್ಟ ರೀತಿಯೂ ತಪ್ಪಿದ್ದವು.

ಎದೆಹಾಲಿನಲ್ಲಿ ಕಬ್ಬಿಣ ಬಹು ಅಲ್ಪವಿರುವದನ್ನು ಕಂಡು ಹಿಂದಿನ ಕೆಲವರು ಇದೊಂದು ನ್ಯೂನತೆಯೆಂದು ಎಣಿಸಿದ್ದರು. ಈಗ ತಿಳಿದುಬಂದಂತೆ ಅದೇ ಅದರ ಗುಣ. ಆ ಅಲ್ಪ ಕಬ್ಬಿಣವನ್ನೂ ರೋಗಾಣುಗಳಿಗೆ ಸಿಗದಂತೆ ಹಿಡಿದಿಡುವ ಲ್ಯಾಕ್ಟೊಫೆರಿನ್ ಎಂಬ ಸತ್ವವು ಮೊದಲ ಹಾಲಿನಲ್ಲಿ ಸಮೃದ್ಧವಾಗಿದೆ. ಈ ಸತ್ವವನ್ನು ಆಕಳ ಹಾಲಿನಿಂದ ತೆಗೆದು ಔಷಧದಂತೆ ಕೊಟ್ಟರೆ ಆಗದೆ ಎಂದು ಇಂಗ್ಲಂಡಿನವರು 37 ಆಸ್ಪತ್ರೆಗಳಲ್ಲಿ, ದಿನ ತುಂಬದೆ ಹುಟ್ಟಿದ ಎರಡು ಸಾವಿರಕ್ಕೂ ಮಿಕ್ಕಿದ ಕೂಸುಗಳಲ್ಲಿ ಪರೀಕ್ಷಿಸಿದರು. 2019ರಲ್ಲಿ ಫಲ ಹೊರಬಿದ್ದಿತು: ಸೋಂಕು ಕಡಿಮೆಯಾಗಲಿಲ್ಲ. ತಾಯಿಯ ಎದೆಯಲ್ಲಿ ಸಿದ್ಧವಾಗಿ ಬರುವ ಅಡಿಗೆಯಿಂದ ಒಂದು ಪದಾರ್ಥವನ್ನು ಆರಿಸಿ ಸೀಸೆಗೆ ತುಂಬುವದರಿಂದ ಆ ಅಡಿಗೆ ಆಗುವದಿಲ್ಲವೆಂದು ತೋರುತ್ತದೆ.

ಹಾಗೆಂದು ಬಸುರಿಯು ಕಬ್ಬಿಣದ ಕೆಂಪು ಗುಳಿಗೆಗಳನ್ನು ಬಿಡತಕ್ಕದ್ದಲ್ಲ. ಆಕೆಯು ದಿನಕ್ಕೊಂದರಂತೆ 180 ದಿವಸ ನುಂಗುವ ಗುಳಿಗೆಯಿಂದ ಆಕೆಯ ರಕ್ತವೂ ಕೂಸಿನ ಹಗೇವೂ ತುಂಬುವವು. ಹುಟ್ಟಿದೊಡನೆ ಹೊಕ್ಕುಳಬಳ್ಳಿಯನ್ನು ಕತ್ತರಿಸದೆ ಒಂದರಿಂದ ಮೂರು ನಿಮಿಷ ತಡೆದರೆ ಮಾಸಿನಲ್ಲಿಯ ರಕ್ತ ಕೂಸಿಗೆ ಹರಿದು, ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣ ತಾನಾಗಿ ಬರುವದು. ಹೆರಿಗೆಗೆ ಮೊದಲೇ ಇದನ್ನು ವೈದ್ಯರೊಡನೆ ಮಾತಾಡಿಟ್ಟುಕೊಳ್ಳಬಹುದು. ಕಡಿಮೆ ತೂಕದ ಕೂಸಿಗೆ ಕೆಲವು ವಾರಗಳ ಮೇಲೆ ಕಬ್ಬಿಣದ ಹನಿಗಳು ಬೇಕಾಗುತ್ತವೆ. ಆದರೆ ಎಂದು, ಎಷ್ಟು ಎಂಬದನ್ನು ಕೂಸಿನ ತೂಕ ನೋಡಿ ವೈದ್ಯರು ಹೇಳಬೇಕು. ಅಂಗಡಿಯವನಾಗಲಿ ನೆರೆಯವರಾಗಲಿ ಹೇಳತಕ್ಕ ಮಾತಲ್ಲ.

ತಾಮ್ರ ತೀರ ಕಡಿಮೆಯಾದರೆ ಬಿಳಿಯ ರಕ್ತಕಣಗಳು ಇಳಿಯುತ್ತವೆ. ಸೆಲೆನಿಯಮನ್ನು ಅತಿ ಸಣ್ಣ ಕೂಸುಗಳಿಗೆ ಕೊಟ್ಟರೆ ನಂಜು ಸ್ವಲ್ಪ ತಗ್ಗಿದಂತೆ ಕೆಲವು ಪ್ರಯೋಗಗಳಲ್ಲಿ ಕಂಡಿದೆ, ಸಾವು ತಗ್ಗಿದಂತೆ ಕಂಡಿಲ್ಲ. ಇವೆರಡೂ ಆಸ್ಪತ್ರೆಯವರ ಕೆಲಸ, ಮನೆಯವರದಲ್ಲ.

ಔಷಧದಿಂದಲೇ ನಂಜನ್ನು ಮುಂಚಿತವಾಗಿ ತಡೆಯಲಾಗದೆ ಎಂದು ಕೇಳುವವರಿಗೆ ನಮ್ಮ ನೆರೆಯ ಬೆಳಗಾವಿಯವರೂ ಪಾಲುಗೊಂಡ ಒಂದು ದೊಡ್ಡ ಪ್ರಯೋಗವನ್ನು ತೋರಿಸಬಹುದು. ಬೆಳಗಾವಿ, ನಾಗಪುರ ಮತ್ತು ಬೇರೆ ಆರು ದೇಶಗಳ ಆಸ್ಪತ್ರೆಗಳಲ್ಲಿ 29,000ಕ್ಕೂ ಮಿಕ್ಕಿದ ಗರ್ಭಿಣಿಯರಿಗೆ ಹೆರಿಗೆಯ ನೋವು ಬಂದಾಗ ಅಜಿತ್ರೊಮೈಸಿನ್ ಎಂಬ ಔಷಧವನ್ನು ಒಂದೇ ಸಲ ಕೊಟ್ಟು ನೋಡಿದರು. 2023ರಲ್ಲಿ ಪ್ರಕಟವಾದ ಫಲದಂತೆ ತಾಯಂದಿರಲ್ಲಿ ನಂಜು ಅಥವಾ ಸಾವು ನೂರಕ್ಕೆ 2.4ರಿಂದ 1.6ಕ್ಕೆ ಇಳಿಯಿತು. ಇದು ದೊಡ್ಡ ಲಾಭವೇ. ಆದರೆ ಕೂಸುಗಳಿಗೆ ಅದರಿಂದ ಏನೂ ಲಾಭವಾಗಲಿಲ್ಲ. ಕೂಸಿಗೆ ನಂಜು ಬಾರದಂತೆ ಮಾಡುವ ಒಂದೇ ಗುಳಿಗೆಯನ್ನು ಈ ವರೆಗೆ ಯಾರೂ ಕಂಡುಹಿಡಿದಿಲ್ಲ.

ಆದುದರಿಂದ ಖನಿಜಗಳ ಕಾಲ ಬೇರೆ, ಔಷಧದ ಕಾಲ ಬೇರೆ ಎಂದು ನಾನು ತಿಳಿದಿರುವೆನು. ಖನಿಜಗಳು ಕೆಲಸ ಮಾಡತಕ್ಕ ಕಾಲವು ಕೂಸು ಹುಟ್ಟುವದಕ್ಕಿಂತ ಬಹು ಮೊದಲಿನದು; ನಿಜವಾಗಿ ನೋಡಿದರೆ ತಾಯಿಯಾಗತಕ್ಕವಳು ಇನ್ನೂ ಶಾಲೆಯ ಬೆಂಚಿನ ಮೇಲೆ ಕುಳಿತಿರುವ ಕಾಲ. 2016ರಿಂದ 2018ರ ವರೆಗೆ ದೇಶದಲ್ಲೆಲ್ಲ ಮಕ್ಕಳ ರಕ್ತವನ್ನು ಪರೀಕ್ಷಿಸಿದ ರಾಷ್ಟ್ರೀಯ ಪೋಷಣ ಸಮೀಕ್ಷೆಯಲ್ಲಿ, ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 19 ಮಂದಿಗೆ ಸತುವಿನ ಕೊರತೆ ಇದ್ದರೆ, ಹತ್ತರಿಂದ ಹತ್ತೊಂಬತ್ತು ವರ್ಷದವರಲ್ಲಿ ನೂರಕ್ಕೆ 32 ಮಂದಿಗೆ ಇದ್ದಿತು. ದೊಡ್ಡವರಾದ ಮಕ್ಕಳು ತಮ್ಮ ಪಾಡಿಗೆ ತಾವು ಉಣ್ಣುವರೆಂದು ನಾವು ನಂಬಿರುವಾಗಲೇ ಕೊರತೆ ಹೆಚ್ಚಿದೆ. ಮುಂಜಾನೆ ಚಹಾ ಬಿಸ್ಕೀಟು ತಿಂದು ಬಸ್ಸಿಗೆ ಓಡುವ ಹುಡುಗಿಯರ ತಾಯಂದಿರು ಈ ಅಂಕಿಯನ್ನು ಇನ್ನೊಮ್ಮೆ ಓದಲಿ. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ನೀಲಿ ಬಣ್ಣದ ಕಬ್ಬಿಣದ ಗುಳಿಗೆಯನ್ನು ಹೊಟ್ಟೆ ತೊಳಸುವದೆಂದು ಉಗುಳುವ ಹುಡುಗಿಯರೂ ಉಂಟು. ಊಟವಾದ ಮೇಲೆ ನುಂಗಿದರೆ ಆ ತೊಂದರೆ ಬಹುತೇಕ ಇರುವದಿಲ್ಲ. ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ದಿನಕ್ಕೊಂದು ಹೊತ್ತಿನ ಬಿಸಿ ಊಟವನ್ನು ಕೊಡುವ ಮಾತೃಪೂರ್ಣ ಯೋಜನೆಯನ್ನು ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ 2ರಂದು ಆರಂಭಿಸಲಾಯಿತು. ಅಲ್ಲಿಗೆ ಹೋಗಿ ಉಣ್ಣುವದು ಮನೆತನದ ಮರ್ಯಾದೆಗೆ ಕಡಿಮೆಯೆಂದು ತಿಳಿಯುವ ಅತ್ತೆಯಂದಿರಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಕೂಸಿಗೆ ನಂಜು ತಗಲಿದ ಮೇಲೆ ಮಾತ್ರ ಆಹಾರದ ಮಾತೂ ಇಲ್ಲ, ಹನಿಯ ಮಾತೂ ಇಲ್ಲ. ಆಗ ಮುಖ್ಯವಾದುದು ಗಡಿಯಾರ. ದೊಡ್ಡವರಿಗೆ ರೋಗ ಬಂದರೆ ಜ್ವರ, ನಡುಕ, ನರಳಾಟಗಳಿಂದ ಗೊತ್ತಾಗುವದು. ಹಸುಗೂಸು ಹಾಗಲ್ಲ. ಅದು ಸುಮ್ಮನಾಗುವದೇ ಅದರ ಕೂಗು. ನಿನ್ನೆಯ ವರೆಗೆ ಮೊಲೆಯನ್ನು ಗಟ್ಟಿಯಾಗಿ ಚೀಪುತ್ತಿದ್ದ ಕೂಸು ಇಂದು ಬಾಯಿ ಹಚ್ಚದಿದ್ದರೆ, ಅಥವಾ ಎರಡು ಗುಟುಕಿಗೆ ಬಿಟ್ಟು ತೂಕಡಿಸಿದರೆ, ಅದು ಮೊದಲನೆಯ ಲಕ್ಷಣ. ಮುಟ್ಟಿ ಎಬ್ಬಿಸಿದರೆ ಮಾತ್ರ ಕೈಕಾಲು ಆಡಿಸುವದು, ಸೆಳವು ಬರುವದು, ಉಸಿರಾಡುವಾಗ ಎದೆಯ ಕೆಳಭಾಗ ಒಳಕ್ಕೆ ಎಳೆದುಕೊಳ್ಳುವದು, ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಾಗುವದು, ಮೈ ಬಿಸಿಯಾಗುವದು ಇವು ಉಳಿದ ಲಕ್ಷಣಗಳು. ಮೈ ತಣ್ಣಗಾಗುವದು ಬಿಸಿಯಾಗುವದಕ್ಕಿಂತಲೂ ಕೆಟ್ಟ ಚಿಹ್ನೆಯಾಗಿರಬಹುದು. ಜ್ವರವಿಲ್ಲವಲ್ಲ ಎಂದು ಸಮಾಧಾನ ಪಟ್ಟುಕೊಂಡು ಅನೇಕರು ಇಲ್ಲಿಯೇ ಮೋಸ ಹೋಗುವರು. ಹೊಕ್ಕುಳಿನ ಸುತ್ತ ಚರ್ಮ ಕೆಂಪಾಗಿ ಕೀವು ಬಂದರೆ ಅದನ್ನೂ ತೋರಿಸಬೇಕು. ಉಸಿರನ್ನು ಎಣಿಸುವಾಗ ಕೂಸು ಅಳದೆ ಮಲಗಿರಬೇಕು, ಪೂರ್ತಿ ಒಂದು ನಿಮಿಷ ಎಣಿಸಬೇಕು. 60 ದಾಟಿದರೆ ಇನ್ನೊಮ್ಮೆ ಎಣಿಸಬೇಕು. ಶಾಲೆ ಕಲಿತ ಯಾವ ಹುಡುಗಿಗೂ ಇದು ಬರುವದು.

ಇಂಥ ಹೊತ್ತಿನಲ್ಲಿ ದೃಷ್ಟಿ ತೆಗೆಯುವದು, ಬಜೆ ತೇಯ್ದು ನೆಕ್ಕಿಸುವದು, ಹೊಟ್ಟೆಗೆ ಬರೆ ಹಾಕುವದು ಇವುಗಳಲ್ಲಿ ಅರ್ಧ ದಿವಸ ಕಳೆಯುವದುಂಟು. ದೃಷ್ಟಿ ತೆಗೆಯುವದರಿಂದ ಹೊತ್ತು ಹೋಗುವದಷ್ಟೇ. ಬರೆಯಿಂದಲಾದರೋ ಇದ್ದ ನಂಜಿಗೆ ಇನ್ನೊಂದು ಬಾಗಿಲು ತೆರೆದಂತಾಗುವದು. ಹೊಕ್ಕುಳಿಗೆ ಬೂದಿ, ಅರಿಷಿಣ, ಎಣ್ಣೆ ಮೆತ್ತುವದೂ ಹಾಗೆಯೇ. ಬಾಣಂತಿಯ ಕೋಣೆಯನ್ನು ಲೋಬಾನದ ಹೊಗೆಯಿಂದ ತುಂಬುವದು ಕೂಸಿನ ಪುಪ್ಪುಸಕ್ಕೆ ಒಳ್ಳೆಯದಲ್ಲ. ಕೂಸನ್ನು ಮುಟ್ಟುವವರೆಲ್ಲ ಸಾಬೂನಿನಿಂದ ಕೈ ತೊಳೆಯುವದು ಈ ಎಲ್ಲ ಹೊಗೆಗಿಂತ ಹೆಚ್ಚು ಉಪಯುಕ್ತ.

ಆಶಾ ಕಾರ್ಯಕರ್ತೆಯು ಆಸ್ಪತ್ರೆಯಲ್ಲಿ ಹಡೆದವರ ಮನೆಗೆ 3, 7, 14, 21, 28 ಮತ್ತು 42ನೆಯ ದಿವಸ ಬರತಕ್ಕದ್ದೆಂದು ನಿಯಮವಿದೆ. ಮನೆಯಲ್ಲಿ ಹಡೆದರೆ ಮೊದಲನೆಯ ದಿವಸವೂ ಬರುವಳು. ಆಕೆ ಬಂದಾಗ ಕೂಸು ಮಲಗಿದೆ, ನಾಳೆ ಬಾ ಎಂದು ಬಾಗಿಲಲ್ಲಿಯೇ ಕಳಿಸಬಾರದು. ಮೇಲಿನ ಲಕ್ಷಣಗಳಲ್ಲಿ ಒಂದೇ ಕಂಡರೂ ಆಕೆಯ ದಾರಿ ಕಾಯದೆ 108ಕ್ಕೆ ಕರೆ ಮಾಡಬೇಕು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1957ರಲ್ಲಿ ಸ್ಥಾಪಿತವಾಗಿ ಜನರು ಇಂದಿಗೂ ಕಿಮ್ಸ್ ಎಂದು ಕರೆಯುವ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯು ಧಾರವಾಡ, ಗದಗ, ಹಾವೇರಿಗಳ ಹಳ್ಳಿಯವರಿಗೂ ತಿಳಿದ ಸ್ಥಳವೇ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಗಳಲ್ಲಿ ರೋಗದ ಹಸುಗೂಸಿನ ಔಷಧ, ಪರೀಕ್ಷೆ, ರಕ್ತ, ವಾಹನಗಳಿಗೆ ಹಣ ಕೊಡಬೇಕಾಗಿಲ್ಲ. ದಾರಿಯಲ್ಲಿ ಕೂಸನ್ನು ಬಟ್ಟೆಯ ಗಂಟಿನಂತೆ ಬೇರೆಯವರ ಕೈಯಲ್ಲಿ ಕೊಡದೆ, ತಾಯಿಯ ಬರಿಯ ಎದೆಗೆ ಬರಿಮೈಯಲ್ಲಿ ಒರಗಿಸಿ, ತಲೆಗೆ ಕುಲಾಯಿ ಹಾಕಿ, ಮೇಲೆ ದುಪ್ಪಟಿ ಹೊದಿಸಿ ಒಯ್ಯಬೇಕು. ಚೀಪುವ ಶಕ್ತಿ ಇದ್ದರೆ ದಾರಿಯುದ್ದಕ್ಕೂ ಮೊಲೆ ಕೊಡುತ್ತಿರಬೇಕು. ತಾಯಿ ಕಾರ್ಡನ್ನು ಜೊತೆಗೆ ತೆಗೆದುಕೊಂಡು ಹೋಗಬೇಕು. ಹುಟ್ಟಿದಾಗಿನ ತೂಕ, ಹೆರಿಗೆಯ ದಿವಸ, ಕೊಟ್ಟ ಲಸಿಕೆಗಳು ಅದರಲ್ಲಿ ಇರುವವು. ಮನೆಯಲ್ಲಿ ಏನಾದರೂ ಹನಿ, ಪುಡಿ, ಕಷಾಯ ಕೊಟ್ಟಿದ್ದರೆ ಆ ಸೀಸೆಯನ್ನೂ ತೆಗೆದುಕೊಂಡು ಹೋಗಿ ವೈದ್ಯರಿಗೆ ತೋರಿಸಬೇಕು.